ನೀರಿನ ಬಾಟಲಿ ತುಂಬಿದ ಹಾಗೆಯೇ ಮನೆಗೆ ಬಂದರೆ… ಶಾಲೆ ಶುರುವಾಗುವ ಮುನ್ನ ಪರಊರಿನ ಕನ್ನಡ ತಾಯಂದಿರಿಗೆ ಒಂದಿಷ್ಟು ಮಾತು



ರಜೆ ಮುಗಿಯುತ್ತ ಬಂತು. ಊರಿಗೆ ಹೋದವರೆಲ್ಲ ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ಡಬ್ಬಿ ಕಟ್ಟಿಕೊಂಡು ಒಬ್ಬೊಬ್ಬರಾಗಿ ವಾಪಸ್ ಬರುತ್ತಿದ್ದೀರಿ. ಚೆನ್ನೈ, ಹೈದರಾಬಾದಿನಲ್ಲಿ ಜೂನ್ ಮೊದಲ ಹದಿನೈದು ದಿನದೊಳಗೆ, ಮುಂಬೈ, ಪುಣೆಯಲ್ಲಿ ಜೂನ್ ನಡುವಿಗೆ, ದಿಲ್ಲಿಯಲ್ಲಿ ಜುಲೈ ಹೊತ್ತಿಗೆ ಸಾಮಾನ್ಯವಾಗಿ ಶಾಲೆಯ ಗಂಟೆ ಬಾರಿಸುತ್ತದೆ. ಯೂನಿಫಾರ್ಮ್, ಪುಸ್ತಕ, ಬೂಟು, ರಿಕ್ಷಾದವರ ಜೊತೆ ಮಾತುಕತೆ ಎಲ್ಲ ನಡೆದಿರುತ್ತದೆ. ಈ ಸಲದ ಬರಹದಲ್ಲಿ ಆ ಪಟ್ಟಿಯಲ್ಲಿ ಬಿಟ್ಟುಹೋಗುವ ಕೆಲವು ವಿಷಯ ಹೇಳುತ್ತೇನೆ.

ನಾನು ವೈದ್ಯೆಯಲ್ಲ. ಹುಬ್ಬಳ್ಳಿಯಿಂದ ಪುಣೆಗೆ ಬಂದ ಒಬ್ಬ ತಾಯಿ. ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನಾವು ಇಲ್ಲಿಗೆ ಬಂದಾಗ ಮಗಳಿಗೆ ಏಳು ವರ್ಷ. ಎರಡನೇ ತರಗತಿಗೆ ಸೇರಿಸಿದೆವು. ದಿನಾ ಬೆಳಿಗ್ಗೆ ಬಾಟಲಿ ತುಂಬ ನೀರು ಕೊಟ್ಟು ಕಳಿಸುತ್ತಿದ್ದೆ. ಸಂಜೆ ಅದು ತುಂಬಿದ ಹಾಗೆಯೇ ವಾಪಸ್ ಬರುತ್ತಿತ್ತು. "ನೀರು ಕುಡಿಯೋಕೂ ಸೋಮಾರಿತನವಾ?" ಎಂದು ನಾನು ದಿನಾ ಬೈಯುತ್ತಿದ್ದೆ. ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ನೇರ ಬಚ್ಚಲಿಗೆ ಓಡುತ್ತಿದ್ದಳು. ಅದೂ ನನ್ನ ಕಣ್ಣಿಗೆ ಬೀಳಲಿಲ್ಲ. ಮೂರನೇ ವಾರ ಚಳಿ ಜ್ವರ, ಕಿಬ್ಬೊಟ್ಟೆ ನೋವು, ರಾತ್ರಿ ಹಾಸಿಗೆ ಒದ್ದೆ. ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಎಂದು ಗೊತ್ತಾಯಿತು. ವೈದ್ಯರು ಮಗಳನ್ನೇ ಕೇಳಿದರು: "ಶಾಲೆಯಲ್ಲಿ ಎಷ್ಟು ಸಲ ಟಾಯ್ಲೆಟ್‌ಗೆ ಹೋಗ್ತೀಯಾ?" ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಅವ್ವಾ, ಟೀಚರ್‌ಗೆ ಹೆಂಗ ಕೇಳಬೇಕಂತ ನಂಗ ಗೊತ್ತಿಲ್ಲ. ಅದಕ್ಕ ನಾ ನೀರ ಕುಡಿಯಂಗಿಲ್ಲ."

ಇಪ್ಪತ್ತು ದಿನ ಆ ಕೂಸು ಬಾಯಾರಿಸಿಕೊಂಡು ಕೂತಿತ್ತು. ಮರಾಠಿಯ ಒಂದೇ ಒಂದು ವಾಕ್ಯ ಬರಲಿಲ್ಲ ಎಂಬ ಕಾರಣಕ್ಕೆ. ಆ ವಾಕ್ಯವನ್ನು ನಾನು ಕಲಿಸಿರಲಿಲ್ಲ, ಬೈಗುಳ ಮಾತ್ರ ಕೊಟ್ಟಿದ್ದೆ. ಆಕೆಯ ಟೀಚರ್ ಒಳ್ಳೆಯವರು. ವಿಷಯ ತಿಳಿದ ದಿನವೇ ಅವರು, "ಏನೂ ಹೇಳಬೇಡ, ಕಿರುಬೆರಳು ತೋರಿಸಿದರೆ ಸಾಕು" ಎಂದರು. ಒಂದು ವಾರದಲ್ಲಿ ಬಾಟಲಿ ಖಾಲಿಯಾಗಿ ಬರತೊಡಗಿತು. ನನಗೆ ಆದದ್ದು ನಿಮಗೆ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

*1. ಶಾಲೆಯ ಮೊದಲ ದಿನಕ್ಕೆ ಮೂರು ವಾಕ್ಯ*

ಹೊಸ ಊರು, ಹೊಸ ಶಾಲೆ ಎಂದಾದರೆ ಎಬಿಸಿಡಿಗಿಂತ ಮೊದಲು ಈ ಮೂರನ್ನು ಕಲಿಸಿ. ಟಾಯ್ಲೆಟ್‌ಗೆ ಹೋಗಬೇಕು, ನೀರು ಬೇಕು, ಹೊಟ್ಟೆ ನೋಯುತ್ತಿದೆ.

ಮುಂಬೈ, ಪುಣೆಯವರಿಗೆ ಮರಾಠಿಯಲ್ಲಿ: "ಮಲಾ ಟಾಯ್ಲೆಟ್‌ಲಾ ಜಾಯಚಂ ಆಹೆ." "ಮಲಾ ಪಾಣಿ ಪಾಹಿಜೆ." "ಮಾಝಂ ಪೋಟ್ ದುಖತಂಯ್."

ಚೆನ್ನೈಯವರಿಗೆ ತಮಿಳಿನಲ್ಲಿ: "ನಾನ್ ಟಾಯ್ಲೆಟ್ ಪೋಗಣುಂ." "ತಣ್ಣಿ ವೇಣುಂ." "ವಯಿರು ವಲಿಕ್ಕುದು."

ಹೈದರಾಬಾದಿನವರಿಗೆ ತೆಲುಗಿನಲ್ಲಿ: "ನೇನು ಟಾಯ್ಲೆಟ್‌ಕಿ ವೆಳ್ಳಾಲಿ." "ನೀಳ್ಳು ಕಾವಾಲಿ." "ಕಡುಪು ನೊಪ್ಪಿಗಾ ಉಂದಿ."

ದಿಲ್ಲಿಯವರಿಗೆ ಹಿಂದಿಯಲ್ಲಿ: "ಮುಝೆ ಟಾಯ್ಲೆಟ್ ಜಾನಾ ಹೈ." "ಮುಝೆ ಪಾನಿ ಚಾಹಿಯೇ." "ಪೇಟ್ ಮೇಂ ದರ್ದ್ ಹೋ ರಹಾ ಹೈ."

ಬಾಯಿಪಾಠ ಮಾಡಿಸಿದರೆ ಸಾಲದು. ಮನೆಯಲ್ಲಿ ಆಟ ಆಡಿ. ನೀವು ಟೀಚರ್ ಆಗಿ, ಮಗು ಕೈ ಎತ್ತಲಿ, ಕೇಳಲಿ. ಒಮ್ಮೆ ನೀವು "ಆಮೇಲೆ ಹೋಗು" ಎಂದು ಹೇಳಿ ನೋಡಿ. ಆಗ "ತುಂಬಾ ಅರ್ಜೆಂಟ್" ಎಂದು ಎರಡನೇ ಸಲ ಕೇಳುವ ಧೈರ್ಯವೂ ಅಭ್ಯಾಸವಾಗಬೇಕು. ಶಾಲೆ ಶುರುವಾದ ಮೊದಲ ವಾರದಲ್ಲೇ ಟೀಚರನ್ನು ಕಂಡು, "ನಮ್ಮ ಮನೆ ಮಾತು ಕನ್ನಡ, ಮಗುವಿಗೆ ಇನ್ನೂ ಇಲ್ಲಿಯ ಭಾಷೆ ಬರುವುದಿಲ್ಲ, ಸನ್ನೆ ಮಾಡಿದರೆ ಬಿಟ್ಟುಬಿಡಿ" ಎಂದು ಹೇಳಿ. ನಿಮಗೂ ಭಾಷೆ ಬರದಿದ್ದರೆ ಪಕ್ಕದ ಮನೆಯವರಿಂದ ಒಂದು ಚೀಟಿ ಬರೆಸಿ ಕೊಡಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

*2. ನೀರು ಎಷ್ಟು, ಲಕ್ಷಣ ಏನು?*

ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಿನಕ್ಕೆ ಸುಮಾರು ಐದು ಲೋಟ, ಅದಕ್ಕಿಂತ ದೊಡ್ಡವರಿಗೆ ಏಳೆಂಟು ಲೋಟ ನೀರು, ಹಾಲು, ಮಜ್ಜಿಗೆ ಎಲ್ಲ ಸೇರಿ ಹೊಟ್ಟೆಗೆ ಹೋಗಬೇಕು. ಸೆಕೆ ಹೆಚ್ಚಿದ್ದರೆ, ಆಟ ಹೆಚ್ಚಿದ್ದರೆ ಇನ್ನೂ ಬೇಕು. ಲೆಕ್ಕ ಇಡುವುದು ಕಷ್ಟವೆನಿಸಿದರೆ ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ, ಕಟು ವಾಸನೆ ಇದ್ದರೆ ನೀರು ಕಡಿಮೆಯಾಗಿದೆ.

ಮೂತ್ರವನ್ನು ಗಂಟೆಗಟ್ಟಲೆ ತಡೆದಿಟ್ಟರೆ ಅದು ಒಳಗೇ ನಿಂತು ರೋಗಾಣು ಬೆಳೆಯಲು ಅವಕಾಶವಾಗುತ್ತದೆ. ಮಲ ತಡೆದಿಟ್ಟರೆ ಅದು ಗಟ್ಟಿಯಾಗುತ್ತದೆ, ಹೊರಗೆ ಹೋಗುವಾಗ ನೋಯುತ್ತದೆ. ನೋವಿನ ಹೆದರಿಕೆಗೆ ಮಗು ಮತ್ತಷ್ಟು ತಡೆಯುತ್ತದೆ. ಮಲ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಆದ್ದರಿಂದಲೇ ಮಲಬದ್ಧತೆ ಇರುವ ಮಕ್ಕಳಲ್ಲಿ ಮೂತ್ರದ ಸೋಂಕು, ಹಾಸಿಗೆ ಒದ್ದೆ ಮಾಡುವುದು ಹೆಚ್ಚು.

ಈ ಲಕ್ಷಣ ಕಂಡರೆ ವೈದ್ಯರಿಗೆ ತೋರಿಸಿ: ಉರಿಮೂತ್ರ, ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಹೋಗುವುದು, ಕಿಬ್ಬೊಟ್ಟೆ ಅಥವಾ ಸೊಂಟದ ಪಕ್ಕ ನೋವು, ನೆಗಡಿ ಕೆಮ್ಮು ಏನೂ ಇಲ್ಲದೆ ಜ್ವರ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು. ಹಾಸಿಗೆ ಒದ್ದೆಯಾದರೆ ದಯವಿಟ್ಟು ಹೊಡೆಯಬೇಡಿ, ನೆಂಟರ ಮುಂದೆ ಹೇಳಬೇಡಿ. ವೈದ್ಯರು ಆಂಟಿಬಯಾಟಿಕ್ ಬರೆದುಕೊಟ್ಟರೆ ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ. ಹೇಳಿದಷ್ಟು ದಿನ ಪೂರ್ತಿ ಕೊಡಿ.

ಮನೆಯಿಂದ ಹೊರಡುವ ಮುನ್ನ ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ, ಮನೆಗೆ ಹೊರಡುವ ಮುನ್ನ ಒಮ್ಮೆ ಹೋಗುವ ರೂಢಿ ಮಾಡಿಸಿ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳುವುದನ್ನು ಹೇಳಿಕೊಡಿ. ಶಾಲೆಯ ಶೌಚಾಲಯಕ್ಕೆ ಬಾಗಿಲು, ಚಿಲಕ, ನೀರು ಇದೆಯೇ ಎಂದು ಪಾಲಕರ ಸಭೆಯಲ್ಲಿ ಕೇಳಿ. ಒಬ್ಬರೇ ಕೇಳುವ ಬದಲು ನಾಲ್ಕು ಜನ ತಾಯಂದಿರು ಸೇರಿ ಕೇಳಿದರೆ ಬೇಗ ಕೆಲಸವಾಗುತ್ತದೆ.

ಮಗಳಿಗೆ ಒಂಬತ್ತು ಹತ್ತು ವರ್ಷ ದಾಟಿದ್ದರೆ ಮುಟ್ಟಿನ ವಿಷಯ ಈಗಲೇ ಹೇಳಿ. ಮೊದಲ ಸಲ ಶಾಲೆಯಲ್ಲೇ ಆಗಬಹುದು. ಬ್ಯಾಗಿನ ಒಳಜೇಬಿನಲ್ಲಿ ಒಂದು ಪ್ಯಾಡು, ಒಂದು ಒಳಚಡ್ಡಿ, ಒಂದು ಕಾಗದದ ಚೀಲ ಇಟ್ಟಿರಿ. "ರಕ್ತ ಕಂಡರೆ ಹೆದರಬೇಡ, ಇದು ರೋಗವಲ್ಲ, ಟೀಚರ್‌ಗೆ ಹೇಳು" ಎಂಬ ನಿಮ್ಮ ಮಾತು ಅವಳ ಕಿವಿಯಲ್ಲಿರಲಿ.

*3. ನಿದ್ದೆಯ ಗಡಿಯಾರ ಈಗಲೇ ತಿರುಗಿಸಿ*

ರಜೆಯಲ್ಲಿ ಹನ್ನೊಂದಕ್ಕೆ ಮಲಗಿ ಒಂಬತ್ತಕ್ಕೆ ಎದ್ದ ಮಗುವನ್ನು ಶಾಲೆಯ ದಿನ ಬೆಳಿಗ್ಗೆ ಆರಕ್ಕೆ ಎಬ್ಬಿಸಿದರೆ ಅತ್ತು ರಂಪ ಮಾಡದೆ ಇನ್ನೇನು ಮಾಡೀತು? ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9 ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟು ವರ್ಷದವರಿಗೆ 8 ರಿಂದ 10 ಗಂಟೆ ನಿದ್ದೆ ಬೇಕು. ಆರಕ್ಕೆ ಏಳಬೇಕಾದ ಮೂರನೇ ತರಗತಿಯ ಮಗು ರಾತ್ರಿ ಒಂಬತ್ತರೊಳಗೆ ಮಲಗಿರಬೇಕು ಎಂದಾಯಿತು.

ಇದನ್ನು ಒಂದೇ ದಿನದಲ್ಲಿ ಸಾಧಿಸಲು ಹೋಗಬೇಡಿ. ಶಾಲೆಗೆ ಹತ್ತು ಹನ್ನೆರಡು ದಿನ ಇರುವಾಗಲೇ ಶುರು ಮಾಡಿ, ದಿನಕ್ಕೆ ಕಾಲು ಗಂಟೆಯಂತೆ ಮಲಗುವ ಹೊತ್ತನ್ನೂ ಏಳುವ ಹೊತ್ತನ್ನೂ ಹಿಂದೆ ತನ್ನಿ. ಬೆಳಿಗ್ಗೆ ಎದ್ದ ಕೂಡಲೇ ಬಾಲ್ಕನಿಯ ಅಥವಾ ಕಿಟಕಿಯ ಬೆಳಕಿಗೆ ನಿಲ್ಲಿಸಿ. ಮಲಗುವ ಒಂದು ಗಂಟೆ ಮುಂಚೆ ಮೊಬೈಲು, ಟಿವಿ ಬಂದ್. ಒಂದೇ ಕೋಣೆಯ ಮನೆಯಲ್ಲಿ ಇದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಮಗು ಮಲಗುವ ಕೋಣೆಯಲ್ಲೇ ಮನೆಯವರ ಊಟ, ಸುದ್ದಿ, ಸೀರಿಯಲ್ಲು ಎಲ್ಲ ನಡೆಯುತ್ತದೆ. ಪರೀಕ್ಷೆಯ ದಿನ ಇಡೀ ಮನೆ ಸುಮ್ಮನಿರುತ್ತದಲ್ಲವೇ? ಹಾಗೆಯೇ ದಿನಾ ರಾತ್ರಿ ಒಂಬತ್ತರ ನಂತರ ದೀಪ ಸಣ್ಣದು, ದನಿ ಸಣ್ಣದು ಎಂದು ಮನೆಯವರೆಲ್ಲ ಒಪ್ಪಿಕೊಂಡರೆ ಸಾಕು.

*4. ಬೆಳಗಿನ ಚಹಾ ಮತ್ತು ಡಬ್ಬಿಯ ನಾಚಿಕೆ*

ಮುಂಬೈ, ಪುಣೆಗೆ ಬಂದ ಮೇಲೆ ನಮ್ಮ ಬಹಳ ಮನೆಗಳಲ್ಲಿ ಮಕ್ಕಳ ಬೆಳಗಿನ ತಿಂಡಿ ಎಂದರೆ ಚಹಾ ಮತ್ತು ಬಿಸ್ಕತ್ತು, ಇಲ್ಲವೆ ಚಹಾ ಮತ್ತು ಖಾರಿ ಆಗಿಬಿಟ್ಟಿದೆ. ಇದರಿಂದ ಎರಡು ನಷ್ಟ. ಹೊಟ್ಟೆ ಒಂದು ಗಂಟೆಯಲ್ಲಿ ಖಾಲಿ. ಇನ್ನೊಂದು, ಚಹಾದಲ್ಲಿರುವ ಒಗರು ಅಂಶ ಊಟದ ಕಬ್ಬಿಣವನ್ನು ಮೈ ಹೀರಿಕೊಳ್ಳದಂತೆ ತಡೆಯುತ್ತದೆ. ಸಣ್ಣ ಮಕ್ಕಳಿಗೆ ಚಹಾ, ಕಾಫಿ ಬೇಡವೇ ಬೇಡ. ದೊಡ್ಡ ಮಕ್ಕಳು ಹಟ ಹಿಡಿದರೆ ಊಟ ತಿಂಡಿಗೆ ಒಂದು ಗಂಟೆಯಾದರೂ ಅಂತರವಿರಲಿ.

ಬದಲಿಗೆ ನಮ್ಮ ರಾಗಿ ಇದೆಯಲ್ಲ! 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲೂ ಗೋಧಿಯಲ್ಲೂ ಅದರ ಹತ್ತಿರಕ್ಕೂ ಬರುವಷ್ಟು ಇಲ್ಲ. "ಇಲ್ಲಿ ರಾಗಿ ಸಿಗುವುದಿಲ್ಲ" ಎಂದು ಬಹಳ ಜನ ಹೇಳುತ್ತೀರಿ. ಸಿಗುತ್ತದೆ, ಹೆಸರು ಬೇರೆ. ಮರಾಠಿಯಲ್ಲಿ ನಾಚಣಿ, ತಮಿಳಿನಲ್ಲಿ ಕೇಳ್ವರಗು, ತೆಲುಗಿನಲ್ಲಿ ರಾಗುಲು, ಹಿಂದಿಯಲ್ಲಿ ಮಡುವಾ. ಹಾಲು ಬೆಲ್ಲ ಹಾಕಿದ ಒಂದು ಲೋಟ ರಾಗಿ ಗಂಜಿ ಹತ್ತು ನಿಮಿಷದ ಕೆಲಸ. ಜೊತೆಗೆ ಒಂದು ಬಾಳೆಹಣ್ಣು ಅಥವಾ ಒಂದು ಬೇಯಿಸಿದ ಮೊಟ್ಟೆ.

ಡಬ್ಬಿಗೆ ಏನು ಹಾಕುವುದು? ಮೂರು ಇದ್ದರೆ ಸಾಕು. ಹೊಟ್ಟೆ ತುಂಬಲು ರೊಟ್ಟಿ, ಚಪಾತಿ, ಇಡ್ಲಿ, ಅವಲಕ್ಕಿ, ಚಿತ್ರಾನ್ನ ಏನಾದರೂ ಒಂದು. ಮೈ ಕಟ್ಟಲು ಶೇಂಗಾ ಚಟ್ನಿ, ಮೊಳಕೆ ಹೆಸರುಕಾಳು, ಮೊಟ್ಟೆ, ಪನ್ನೀರು ಇವುಗಳಲ್ಲಿ ಒಂದು. ಮತ್ತೆ ಒಂದು ತರಕಾರಿ ಅಥವಾ ಹಣ್ಣು. ಪಲ್ಯದ ಮೇಲೆ ನಿಂಬೆಹುಳಿ ಹಿಂಡಿ. ಸೊಪ್ಪು, ಬೇಳೆಯ ಕಬ್ಬಿಣ ಮೈಗೆ ಹತ್ತಲು ಹುಳಿ ಸಹಾಯ ಮಾಡುತ್ತದೆ. ಮಳೆಗಾಲದ ಸೆಕೆಯಲ್ಲಿ ಕಾಯಿ ಚಟ್ನಿ, ಮೊಸರನ್ನ ಬೇಗ ಕೆಡುತ್ತವೆ. ಮಧ್ಯಾಹ್ನದ ಡಬ್ಬಿಗೆ ಒಣಚಟ್ನಿ ವಾಸಿ. ಅನ್ನವನ್ನು ಬಿಸಿಯಿದ್ದಾಗಲೇ ಮುಚ್ಚಳ ಬಿಗಿದರೆ ಬೆವೆತು ಹಳಸುತ್ತದೆ, ಸ್ವಲ್ಪ ಆರಲು ಬಿಡಿ.

ಈಗ ನಾಚಿಕೆಯ ಮಾತು. "ನನ್ನ ಡಬ್ಬಿ ನೋಡಿ ನಗ್ತಾರೆ, ರೊಟ್ಟಿ ಬೇಡ, ನೂಡಲ್ಸ್ ಹಾಕು" ಎಂದು ಮಗು ಹೇಳಿದರೆ ತಕ್ಷಣ ಬೈಯಬೇಡಿ, ತಕ್ಷಣ ಸೋಲಲೂಬೇಡಿ. ಮಹಾರಾಷ್ಟ್ರದಲ್ಲಿದ್ದರೆ, "ನಿನ್ನ ಗೆಳೆಯರ ಮನೆಯ ಜ್ವಾರಿಚಿ ಭಾಕರಿ ಅಂದ್ರೆ ಇದೇ ನಮ್ಮ ಜೋಳದ ರೊಟ್ಟಿ" ಎಂದು ಹೇಳಿ. ಒಂದು ದಿನ ಎರಡು ರೊಟ್ಟಿ ಹೆಚ್ಚು ಹಾಕಿ, ಚಟ್ನಿಪುಡಿ ಎಣ್ಣೆ ಕಲಸಿ, ಗೆಳೆಯರಿಗೆ ಕೊಡು ಎಂದು ಕಳಿಸಿ. ನನ್ನ ಮಗಳ ತರಗತಿಯಲ್ಲಿ ಆಮೇಲೆ ಶೇಂಗಾ ಚಟ್ನಿಪುಡಿಗೆ ಜಗಳವೇ ಆಗುತ್ತಿತ್ತು.

*5. ಸಪ್ಪಗಿರುವ ಮಗು ಸೋಮಾರಿಯಲ್ಲ*

ಓದಲು ಕೂತರೆ ತೂಕಡಿಕೆ, ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಚಿಕೊಂಡಿದೆ, ಕೆಲವರು ಸುಣ್ಣ, ಮಣ್ಣು, ಬಳಪ ತಿನ್ನುತ್ತಾರೆ. ಇವು ರಕ್ತಹೀನತೆಯ ಗುರುತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ ಇದೆ. ಎಂದರೆ ನಮ್ಮ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು!

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುವ ಕಾರ್ಯಕ್ರಮ ಇದೆ. ಸಣ್ಣ ಮಕ್ಕಳಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ದಾಟಿದವರಿಗೆ ನೀಲಿ ಬಣ್ಣದ್ದು. "ಯಾವುದೋ ಮಾತ್ರೆ ಕೊಡ್ತಾರೆ, ತಿನ್ನಬೇಡ" ಎಂದು ಮಗುವಿಗೆ ಹೇಳಿಕೊಡಬೇಡಿ. ಊಟದ ನಂತರ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಫೆಬ್ರವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಅಂದು 1 ರಿಂದ 19 ವರ್ಷದವರಿಗೆ ಹುಳುವಿನ ಮಾತ್ರೆ ಪುಕ್ಕಟೆ. ಅದನ್ನು ಅಗಿದು ತಿನ್ನಬೇಕು. ಆ ದಿನ ಮಗು ಶಾಲೆಗೆ ಹೋಗದಿದ್ದರೆ ಕೆಲವೇ ದಿನದಲ್ಲಿ ಮತ್ತೊಂದು ಸುತ್ತು ಇರುತ್ತದೆ, ಶಾಲೆಯಲ್ಲಿ ಕೇಳಿ. ಖಾಸಗಿ ಶಾಲೆಯ ಮಕ್ಕಳಾದರೆ ನಿಮ್ಮ ವೈದ್ಯರನ್ನು ಕೇಳಿ ಕೊಡಿಸಿ. ಸಪ್ಪಗಿರುವ ಮಗುವಿಗೆ ಟಾನಿಕ್ ತರುವ ಮೊದಲು ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

*6. ಊರಿನಲ್ಲೇ ಉಳಿದ ಲಸಿಕೆ ಕಾರ್ಡು*

ಹೆರಿಗೆ ತವರಿನಲ್ಲಿ, ಲಸಿಕೆ ಕಾರ್ಡು ಅಮ್ಮನ ಮನೆಯ ಪೆಟ್ಟಿಗೆಯಲ್ಲಿ, ಮಗು ಮಾತ್ರ ಇಲ್ಲಿ. ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದು. ಇವತ್ತೇ ತವರಿಗೆ ಫೋನ್ ಮಾಡಿ, ಕಾರ್ಡಿನ ಎಲ್ಲ ಪುಟಗಳ ಫೋಟೋ ತರಿಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕಾರ್ಡು ಕನ್ನಡದಲ್ಲಿದ್ದರೆ ಲಸಿಕೆಯ ಹೆಸರು, ತಾರೀಖು ಎರಡನ್ನೂ ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ಬರೆದು ಜೊತೆಗಿಡಿ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಮರೆತುಹೋಗುವ ಲಸಿಕೆಗಳು ಮೂರು. 5-6 ವರ್ಷಕ್ಕೆ ಡಿಪಿಟಿ ಎರಡನೇ ಬೂಸ್ಟರ್. 10 ವರ್ಷಕ್ಕೊಮ್ಮೆ, 16 ವರ್ಷಕ್ಕೊಮ್ಮೆ ಧನುರ್ವಾಯು ಮತ್ತು ಗಂಟಲಮಾರಿಯ ಟಿಡಿ ಲಸಿಕೆ. ಇವು ದೇಶದ ಯಾವ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರೂ ಪುಕ್ಕಟೆ. "ನೀವು ಯಾವ ಊರಿನವರು" ಎಂಬುದು ಇದಕ್ಕೆ ಅಡ್ಡ ಬರುವುದಿಲ್ಲ. ದಡಾರದ ಎರಡು ಡೋಸ್ ಆಗಿದೆಯೇ ಎಂದೂ ನೋಡಿ. ಹೆಣ್ಣುಮಗುವಿಗೆ ಒಂಬತ್ತು ವರ್ಷವಾಗಿದ್ದರೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

*7. ಕಣ್ಣು ಮತ್ತು ಕಿವಿ*

ಮಗುವಿಗೆ ತನಗೆ ಕಾಣುತ್ತಿಲ್ಲ ಎಂದು ಗೊತ್ತಾಗುವುದಿಲ್ಲ. ಜಗತ್ತು ಎಲ್ಲರಿಗೂ ಹೀಗೇ ಮಬ್ಬು ಎಂದುಕೊಂಡಿರುತ್ತದೆ. ಟಿವಿಗೆ ಹತ್ತಿರ ಕೂರುವುದು, ಕಣ್ಣು ಕಿರಿದು ಮಾಡಿ ನೋಡುವುದು, ಬೋರ್ಡಿನದನ್ನು ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುವುದು, ಓದಿದ ಮೇಲೆ ತಲೆನೋವು ಇದ್ದರೆ ಕಣ್ಣು ಪರೀಕ್ಷೆ ಮಾಡಿಸಿ. ದಿನಕ್ಕೆ ಎರಡು ಗಂಟೆಯಷ್ಟು ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ದೂರದ ದೃಷ್ಟಿ ಮಂಜಾಗುವುದು ಕಡಿಮೆ. ಹತ್ತನೇ ಮಹಡಿಯ ಮನೆಯಾದರೂ ಸಂಜೆ ಕೆಳಗೆ ಇಳಿಸಿ.

ಕಿವಿಯ ವಿಷಯದಲ್ಲಿ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು. ಮಗು ತರಗತಿಯಲ್ಲಿ ಉತ್ತರ ಕೊಡದಿದ್ದರೆ, "ಭಾಷೆ ಬರಲ್ಲ, ಅದಕ್ಕೆ" ಎಂದು ಟೀಚರೂ ನಾವೂ ಸುಮ್ಮನಾಗುತ್ತೇವೆ. ಮನೆಯಲ್ಲಿ ಕನ್ನಡದಲ್ಲಿ ಹಿಂದಿನಿಂದ ಮೆಲ್ಲಗೆ ಕರೆದಾಗ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ, ಟಿವಿ ದನಿ ಜಾಸ್ತಿ ಮಾಡುತ್ತಿದ್ದರೆ, ಕಿವಿ ಸೋರುತ್ತಿದ್ದರೆ ಅದು ಭಾಷೆಯ ತೊಂದರೆಯಲ್ಲ, ಕಿವಿಯ ತೊಂದರೆ. ಕಿವಿಗೆ ಬಿಸಿ ಎಣ್ಣೆ ಹಾಕಬೇಡಿ, ವೈದ್ಯರಿಗೆ ತೋರಿಸಿ.

*8. ಬ್ಯಾಗು ತೂಗಿ ನೋಡಿ*

ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಬ್ಯಾಗಿನ ಭಾರ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು. 1-2ನೇ ತರಗತಿಗೆ 1.6 ರಿಂದ 2.2 ಕೆಜಿ, 3 ರಿಂದ 5ನೇ ತರಗತಿಗೆ 1.7 ರಿಂದ 2.5 ಕೆಜಿ. ಇಪ್ಪತ್ತು ಕೆಜಿಯ ಮಗುವಿಗೆ ಎರಡೇ ಕೆಜಿ! ಒಂದು ಲೀಟರ್ ನೀರೇ ಒಂದು ಕೆಜಿ ತೂಗುತ್ತದೆ. ಆದ್ದರಿಂದ ಶಾಲೆಯಲ್ಲಿ ಶುದ್ಧ ನೀರು ಸಿಗುವುದಾದರೆ ಅರ್ಧ ಲೀಟರಿನ ಹಗುರ ಬಾಟಲಿ ಕೊಟ್ಟು, ಅಲ್ಲೇ ಮತ್ತೆ ತುಂಬಿಕೊಳ್ಳಲು ಹೇಳಿ. ರಾತ್ರಿ ಟೈಮ್‌ಟೇಬಲ್ ನೋಡಿ ಮಗುವಿನ ಜೊತೆ ಕೂತು ಬ್ಯಾಗು ಜೋಡಿಸಿ. ಭಾರದ ಪುಸ್ತಕ ಬೆನ್ನಿಗೆ ಹತ್ತಿರ ಇರಲಿ, ಎರಡೂ ಪಟ್ಟಿ ಹೆಗಲಿಗೆ ಬರಲಿ, ಬ್ಯಾಗು ಸೊಂಟದ ಕೆಳಗೆ ಜೋತಾಡದಿರಲಿ.

*9. ಮಳೆ, ಸೊಳ್ಳೆ, ನಿಂತ ನೀರು*

ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಅಂದರೆ ಮಗು ಶಾಲೆಯಲ್ಲಿರುವ ಹೊತ್ತಿನಲ್ಲೇ. ತುಂಬುತೋಳಿನ ಅಂಗಿ, ಉದ್ದ ಕಾಲುಚೀಲ ಹಾಕಲು ಶಾಲೆಯಲ್ಲಿ ಅನುಮತಿ ಕೇಳಿ. ಮನೆಯ ಕೂಲರ್, ಕುಂಡದ ತಟ್ಟೆ, ಬಾಲ್ಕನಿಯ ಡ್ರಮ್ಮು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಿರಿ. ಜ್ವರ ಬಂದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಡೆಂಗಿ ಆಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸಬಹುದು. ಜ್ವರ ಇಳಿಯುವ ಹೊತ್ತಿನಲ್ಲೇ ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಒಸಡಿನಲ್ಲಿ ರಕ್ತ, ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ ಓಡಿ. ಜ್ವರ ಬಿಟ್ಟಿತಲ್ಲ ಎಂದು ಕೂರಬೇಡಿ.

ಮುಂಬೈಯವರು ಇನ್ನೊಂದು ಗಮನಿಸಿ. ಮಗು ರಸ್ತೆಯ ನಿಂತ ನೀರಿನಲ್ಲಿ ನಡೆದು ಬಂದರೆ ಕಾಲನ್ನು ಸೋಪು ಹಚ್ಚಿ ತೊಳೆದು ಒರೆಸಿ. ಕಾಲಿನಲ್ಲಿ ಗಾಯವಿದ್ದರೆ ಜ್ವರ ಬರುವವರೆಗೆ ಕಾಯದೆ ವೈದ್ಯರಿಗೆ ತೋರಿಸಿ, ಇಲಿಜ್ವರದ ಭಯವಿರುತ್ತದೆ. ಒದ್ದೆ ಕಾಲುಚೀಲದಲ್ಲಿ ದಿನವಿಡೀ ಕೂತರೆ ಬೆರಳ ಸಂದಿನಲ್ಲಿ ಕೆರೆತ ಶುರು. ಬ್ಯಾಗಿನಲ್ಲಿ ಇನ್ನೊಂದು ಜೊತೆ ಇಡಿ.

*10. ಸೋಮವಾರದ ಹೊಟ್ಟೆನೋವು*

ರವಿವಾರ ಚೆನ್ನಾಗಿ ಆಡಿದ ಮಗುವಿಗೆ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಶಾಲೆಗೆ ಬೇಡ ಎಂದರೆ ಹತ್ತು ಗಂಟೆಗೆ ಮಾಯ. "ನಾಟಕ" ಎಂದು ನಾವು ಹೇಳಿಬಿಡುತ್ತೇವೆ. ನೋವು ನಿಜವೇ ಇರುತ್ತದೆ, ಅದರ ಬೇರು ಮಾತ್ರ ಹೊಟ್ಟೆಯಲ್ಲಿಲ್ಲ. ಮನಸ್ಸಿನ ಭಯ ಮಕ್ಕಳಲ್ಲಿ ಹೊಟ್ಟೆಯಾಗಿ ಮಾತಾಡುತ್ತದೆ. ಆದರೆ ತೂಕ ಇಳಿಯುತ್ತಿದ್ದರೆ, ನೋವಿಗೆ ರಾತ್ರಿ ಎಚ್ಚರವಾಗುತ್ತಿದ್ದರೆ, ಮಲದಲ್ಲಿ ರಕ್ತ, ಜ್ವರ ಇದ್ದರೆ ಮೊದಲು ವೈದ್ಯರು.

"ಶಾಲೆ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಒಂದೇ ಉತ್ತರ ಬರುತ್ತದೆ. ಹೀಗೆ ಕೇಳಿ ನೋಡಿ: ಊಟ ಯಾರ ಜೊತೆ ಮಾಡಿದೆ? ಇವತ್ತು ಅರ್ಥವಾಗದ ಮಾತು ಯಾವುದು? ಯಾರಾದರೂ ನಿನ್ನ ಮಾತಿಗೆ ನಕ್ಕರಾ? ಕೇಳಿದ ಮೇಲೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ.

"ಮನೆಯಲ್ಲಿ ಕನ್ನಡ ಬಿಟ್ಟುಬಿಟ್ಟರೆ ಮಗು ಬೇಗ ಕಲಿಯುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಕ್ಕಳು ಎರಡು ಮೂರು ಭಾಷೆ ಒಟ್ಟಿಗೆ ಕಲಿಯಬಲ್ಲರು. ಮೊದಲ ಕೆಲವು ತಿಂಗಳು ಹೊಸ ಭಾಷೆಯಲ್ಲಿ ಬಾಯಿ ಬಿಡದೆ ಕೇಳಿಸಿಕೊಳ್ಳುತ್ತಲೇ ಇರುವುದು ಸಹಜ. ದಿನವಿಡೀ ಬೇರೆ ಭಾಷೆಯಲ್ಲಿ ತಡವರಿಸಿ ಬಂದ ಮಗುವಿಗೆ ಭಯ, ಅವಮಾನ, ಸಂಕಟ ಹೇಳಿಕೊಳ್ಳಲು ತಡವರಿಸದ ಒಂದು ಭಾಷೆ ಬೇಕು. ನನ್ನ ಮಗಳು ತನ್ನ ಗುಟ್ಟನ್ನು ಆ ದಿನ ಆಸ್ಪತ್ರೆಯಲ್ಲಿ ಹೇಳಿದ್ದು ಕನ್ನಡದಲ್ಲೇ.

ಮಗುವಿನ ಮಂಕು ಎರಡು ವಾರವಾದರೂ ಹೋಗದಿದ್ದರೆ, ಊಟ ನಿದ್ದೆ ಬಿಟ್ಟರೆ, "ನಾನು ಇರೋದೇ ಬೇಡ" ಎಂಬಂಥ ಮಾತು ಬಂದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಪುಕ್ಕಟೆ. ಕನ್ನಡವೂ ಅದರ ಭಾಷೆಗಳಲ್ಲೊಂದು. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದಾರೆ, ಮುಟ್ಟಬಾರದಂತೆ ಮುಟ್ಟಿದ್ದಾರೆ ಎಂದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098.

*ಕೊನೆಗೆ ನಿಮಗೊಂದು ಮಾತು*

ಇಷ್ಟೆಲ್ಲ ಓದಿ, "ನಾನು ಒಬ್ಬಳೇ ಎಷ್ಟು ಮಾಡಲಿ?" ಎನ್ನಿಸಿರಬಹುದು. ಊರಿನಲ್ಲಿದ್ದರೆ ಅತ್ತೆ, ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಜ್ಜಿ ಯಾರೋ ಒಬ್ಬರು ಮಗುವಿನ ಮುಖ ನೋಡಿಯೇ "ಏನೋ ಸರಿಯಿಲ್ಲ" ಎನ್ನುತ್ತಿದ್ದರು. ಇಲ್ಲಿ ಆ ಕಣ್ಣುಗಳಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಈ ವಾರ ನಿದ್ದೆಯ ಹೊತ್ತು ಸರಿಮಾಡಿ, ಲಸಿಕೆ ಕಾರ್ಡು ತರಿಸಿ. ಮುಂದಿನ ವಾರ ಮೂರು ವಾಕ್ಯ ಕಲಿಸಿ, ಬ್ಯಾಗು ತೂಗಿ. ಶಾಲೆ ಶುರುವಾದ ಮೇಲೆ ಮೊದಲ ತಿಂಗಳು ದಿನಾ ಸಂಜೆ ಒಂದೇ ಒಂದು ಕೆಲಸ ಮಾಡಿ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಅಲ್ಲಾಡಿಸಿ ನೋಡಿ. ಖಾಲಿ ಇದ್ದರೆ ಸಂತೋಷಪಡಿ. ತುಂಬಿದ್ದರೆ ಬೈಯಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು "ಯಾಕೆ ಕಂದಾ?" ಎಂದು ಕೇಳಿ.

ನಿಮ್ಮ ಬಿಲ್ಡಿಂಗಿನಲ್ಲಿ, ಓಣಿಯಲ್ಲಿ ಈ ವರ್ಷ ಹೊಸದಾಗಿ ಬಂದ ಕನ್ನಡದ ಮನೆ ಇದ್ದರೆ ಇದನ್ನು ಆ ತಾಯಿಗೆ ಕಳಿಸಿ. ಓದು ಬರದವರಿದ್ದರೆ ಓದಿ ಹೇಳಿ. ಆಕೆಯ ಮಗು ನಿಮ್ಮ ಮಗುವಿನ ಶಾಲೆಗೇ ಹೋಗುವುದಾದರೆ ಮೊದಲ ದಿನ ಇಬ್ಬರನ್ನೂ ಜೊತೆಯಾಗಿ ಕಳಿಸಿ.

ಮಕ್ಕಳೆಲ್ಲ ಚೆನ್ನಾಗಿರಲಿ. ಮುಂದಿನ ವಾರ ಮಳೆಗಾಲದ ಕೆಮ್ಮು ನೆಗಡಿಯ ಬಗ್ಗೆ ಬರೆಯುತ್ತೇನೆ.